ಮಾರ್ಲಾಮಿ ತನಕದ ಮಿಕ್ಸಿ

ಆ ಕಾಲದಲ್ಲಿ ನಮ್ಮೂರಲ್ಲಿ ಯಾರ ಮನೆಯಲ್ಲಿ ಏನು ಸಾರು ಎನ್ನುವುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಬೆಳಗ್ಗೆ ಒಳಕಲ್ಲು ತಿರುಗುವ ಸದ್ದು ಕೇಳಿಯೇ ನಮ್ಮಜ್ಜಿ ನಿಂಗಮ್ಮ, ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ, "ಮೂಲೆಮನೇಲಿ ಇವತ್ತು ಹುರುಳಿಕಾಳು ಬಸ್ಸಾರು" ಎಂದುಬಿಡುತ್ತಿದ್ದಳು. ಉಪ್ಪುಸಾರಿನ ಖಾರಕ್ಕೆ ಗುಂಡು ಚುರುಕಾಗಿ ಓಡುತ್ತದಂತೆ, ಕಾಯಿ ಬಿದ್ದರೆ ಭಾರವಾಗುತ್ತದಂತೆ, ಬಾಡಿನ ಮಸಾಲೆಯ ಸದ್ದಂತೂ ಬೇರೆಯೇ ಅಂತೆ. ಅಜ್ಜಿ ಹೇಳಿದ್ದು ನಿಜವೋ ಅಲ್ಲವೋ ಎಂದು ನಾನು ನೀರಿಗೆ ಹೋದಾಗ ಆ ಮನೆಯವರನ್ನು ಕೇಳಿಕೊಂಡು ಬರುತ್ತಿದ್ದೆ. ತಪ್ಪಿದ್ದು ಕಡಿಮೆ.

ಬೂಕನಕೆರೆಯಿಂದ ಒಳಗೆ ನಡೆದರೆ ಸಿಗುವ ಊರು ನಮ್ಮದು. ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಐದನೇ ಕ್ಲಾಸು, ಅಕ್ಕ ಜಯ ಬೂಕನಕೆರೆ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಕಬ್ಬು, ಭತ್ತದ ಜೊತೆಗೆ ನಮಗೆ ಚಂದ್ರಿ ಎಂಬ ಸೀಮೆಹಸು ಇತ್ತು. ಡೈರಿಗೆ ಹಾಲು ಹಾಕಿದ ಮೇಲೆಯೇ ನಮ್ಮ ಮನೆಗೆ ಬೆಳಗಾಗುತ್ತಿದ್ದುದು. ಹಳೇ ಕಾಲದ ಮನೆ. ಮನುಷ್ಯರೂ ದನಗಳೂ ಒಂದೇ ಸೂರಿನಡಿ ಇದ್ದೆವು. ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಆ ಗೋಡೆಗೆ ಒತ್ತಿದಂತೆ ಈಚೆ ಮೂಲೆಯಲ್ಲಿ ಒಳಕಲ್ಲು, ಆಚೆ ಚಂದ್ರಿಯ ಗೂಟ.

ಆ ವರ್ಷ ಶ್ರಾವಣದ ಮಳೆಯಲ್ಲಿ ಕೊಟ್ಟಿಗೆಯ ಗಂಜಳದ ಮೇಲೆ ಕಾಲಿಟ್ಟು ಅವ್ವ ಜಾರಿಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ನಾಟಿ ಕಟ್ಟು ಹಾಕಿಸಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮುದ್ದೆಯನ್ನು ಹೇಗೋ ಕಟ್ಟುತ್ತಿದ್ದಳು, ಗುಂಡು ತಿರುಗಿಸಲು ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಜ್ಜಿಗೆ ಭುಜದ ನೋವು, ಕಲ್ಲಿನ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಗದ್ದೆಯ ಆಳುಗಳೂ ಸೇರಿ ಮನೆ ತುಂಬ ಉಣ್ಣುವ ಬಾಯಿಗಳು. ನಾನು ರುಬ್ಬಿದ್ದನ್ನು ಅಜ್ಜಿ ಬೆರಳಲ್ಲಿ ಹೊಸಕಿ ನೋಡಿ, "ಇದೇನಮ್ಮಿ ಕಾರವಾ, ಜಲ್ಲಿಯಾ?" ಎಂದು ಪಕ್ಕಕ್ಕಿಡುತ್ತಿದ್ದಳು. ಇನ್ನು ಗಂಡಸರು ಒಳಕಲ್ಲಿನ ಮುಂದೆ ಕೂರುವುದು ಆಗ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಗದ್ದೆಯನ್ನೇ ಅಗೆದು ಹಾಕುವ ತೋಳುಗಳು ಒಂದು ಗುಂಡಿನ ಮುಂದೆ ಅದು ಹೇಗೆ ಬಲ ಕಳೆದುಕೊಳ್ಳುತ್ತಿದ್ದವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಉಳಿದವಳು ಅಕ್ಕ.

ಅಕ್ಕ ನಸುಕಿಗೇ ಎದ್ದು ಕಲ್ಲಿನ ಮುಂದೆ ಕೂರುತ್ತಿದ್ದಳು. ಬೆಳಗಿನ ಸಾರಿಗೆ ಒಮ್ಮೆ, ಆಳುಗಳ ಮಧ್ಯಾಹ್ನದ ಊಟಕ್ಕೆ ಇನ್ನೊಮ್ಮೆ. ಅಜ್ಜಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, "ಇನ್ನೊಂದ್ ಸುತ್ತು, ಇನ್ನೊಂದ್ ಸುತ್ತು" ಎನ್ನುತ್ತಿದ್ದಳು. ಅಜ್ಜಿಯ ಒಪ್ಪಿಗೆ ಸಿಗುವ ಹೊತ್ತಿಗೆ ಹತ್ತನೇ ಕ್ಲಾಸಿನವರ ಸ್ಪೆಷಲ್ ಕ್ಲಾಸು ಮುಗಿದಿರುತ್ತಿತ್ತು. ಅಕ್ಕ ಓಡಿಕೊಂಡು ಹೋಗಿ ಬಾಗಿಲಾಚೆ ನಿಲ್ಲುತ್ತಿದ್ದಳು. ಕೈಯಲ್ಲಿ ಬೆಳ್ಳುಳ್ಳಿ ವಾಸನೆ, ಮೆಣಸಿನಕಾಯಿ ಉರಿ. ಪೆನ್ನು ಹಿಡಿದ ಕೈಯಿಂದ ಮರೆತು ಕಣ್ಣುಜ್ಜಿಕೊಂಡರೆ ಅವತ್ತಿನ ಪಾಠ ಮುಗಿದಂತೆಯೇ. ಕೊನೆಗೆ ಹೆಡ್ಮಾಸ್ಟರು ಅಪ್ಪನನ್ನು ಕರೆಸಿ ಹೇಳಿದರು: ಹಾಜರಿ ಸಾಲದು, ದಸರೆ ರಜೆಗೆ ಮುಂಚಿನ ಪರೀಕ್ಷೆಗಳಲ್ಲಿ ಒಂದನ್ನು ತಪ್ಪಿಸಿದರೂ ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ.

ಅಪ್ಪ ಬಂದು ಅದನ್ನೇ ಹೇಳಿದಾಗ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಕಳುಸ್ದೆ ಇದ್ರೆ ಬುಡ್ಲಿ. ಎಣ್ಮಗ ಓದಿ ಏನಾಗ್ಬೇಕು? ನಾನೇನ್ ಓದಿದ್ನಾ? ಮನೆ ನಡೀಲಿಲ್ವಾ?"

ಒಲೆಯ ಮುಂದೆ ಕೂತಿದ್ದ ಅವ್ವ, ಅತ್ತೆಯ ಮಾತಿಗೆ ಎದುರಾಡದವಳು, ಬೆಂಕಿಯನ್ನೇ ನೋಡುತ್ತ ಗಂಡನಿಗೆ ಹೇಳಿದಳು: "ಒಂದು ಮಿಕ್ಸಿ ತರುವ."

ಮಿಕ್ಸಿ ಎಂದರೆ ನಮ್ಮೂರಿಗೆ ಕೆಟ್ಟ ಹೆಸರು. ಸ್ಕೂಲು ಮೇಷ್ಟರ ಮನೆಯಲ್ಲಿ ಒಂದು ಚಿಕ್ಕದಿತ್ತು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗಿ ಕರೆಂಟು ಇಳಿದ ಒಂದು ಬೆಳಗ್ಗೆ, ಅದು ಕೊಬ್ಬರಿ ಚಟ್ನಿಯ ನಡುವೆ ಗುಂಯ್ ಎಂದು ನರಳಿ, ಹೊಗೆ ಬಿಟ್ಟು ಸತ್ತಿತ್ತು. ಹಾಗಾಗಿ ತರುವುದಾದರೆ ದೊಡ್ಡ ಮೋಟರಿನದೇ ತರಬೇಕು. ಅಂಥದ್ದು ಕೆ.ಆರ್. ಪೇಟೆಯಲ್ಲಿ ಒಂದೇ ಅಂಗಡಿಯಲ್ಲಿತ್ತು.

ಭಾನುವಾರ ಅಪ್ಪ, ಅವ್ವ, ನಾನು ಬಸ್ಸು ಹತ್ತಿದೆವು. ಅಂಗಡಿಯ ಶೆಟ್ಟರು ಜಾರಿಗೆ ಒಣಕೊಬ್ಬರಿ, ಧನಿಯ ಸುರಿದು ಬಟನ್ನು ತಿರುಗಿಸಿದರು. ಕಬ್ಬಿನ ಗಾಣ ಹತ್ತಿರದಲ್ಲೇ ಶುರುವಾದಂತಾಯಿತು. ನಾನು ಅವ್ವನ ಸೆರಗು ಹಿಡಿದುಕೊಂಡೆ. ಮುಚ್ಚಳ ತೆಗೆದಾಗ ಧನಿಯದ ಘಮಲು ಅಂಗಡಿ ತುಂಬಿತು, ಪುಡಿ ಮುಖಕ್ಕೆ ಹಚ್ಚಿಕೊಳ್ಳುವ ಪೌಡರಿನ ಹಾಗಿತ್ತು. ಶೆಟ್ಟರು ಬೆಲೆ ಹೇಳಿದರು. ಅಪ್ಪ ಅದನ್ನು ಮನಸ್ಸಿನಲ್ಲೇ ಹಸುಕರುಗಳ ಲೆಕ್ಕಕ್ಕೆ ಇಳಿಸಿದ.

"ಈ ದುಡ್ಗೆ ಒಂದು ಕಡಸೇ ಬತ್ತದಲ್ಲ ಶೆಟ್ರೆ."

"ಕಡಸು ಕಾರ ರುಬ್ತದಾ?" ಎಂದಳು ಅವ್ವ. ಅಂಗಡಿಯಲ್ಲಿ ಅವಳು ಆಡಿದ್ದು ಅದೊಂದೇ ಮಾತು. ಆಡಿ, ಸೊಟ್ಟ ಕೈಯನ್ನು ಗಾಜಿನ ಮೇಜಿನ ಮೇಲಿಟ್ಟಳು.

ಶೆಟ್ಟರು ಆ ಕೈ ನೋಡಿದರು. ವ್ಯಾಪಾರದವರು, ಆದರೂ ಮನುಷ್ಯರು. "ನೋಡಿ ಗೌಡ್ರೆ, ನಾನು ತೋರ್ಸೋಕೆ ಇಟ್ಟಿರೋ ಪೀಸು ಇದು. ಇದನ್ನೇ ತಗೊಂಡೋಗಿ. ಮಾರ್ಲಾಮಿ ತನಕ ಮನೇಲಿ ಓಡ್ಸಿ. ಸರಿಬಂದ್ರೆ ದುಡ್ಡು ಕೊಡಿ, ಇಲ್ದಿದ್ರೆ ವಾಪಸ್ ತಂದುಕೊಡಿ" ಎಂದರು.

ಮಾರ್ಲಾಮಿ ಎಂದರೆ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಅದಕ್ಕೆ ಇನ್ನು ವಾರವೂ ಇರಲಿಲ್ಲ. ಅಕ್ಕನ ಪರೀಕ್ಷೆಗಳಿದ್ದುದೂ ಅದೇ ದಿನಗಳಲ್ಲಿ. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಾಲು ಜೋಮು ಹಿಡಿದರೂ ಇಳಿಸಲಿಲ್ಲ.

ಅಜ್ಜಿ ಅದನ್ನು ಮುಟ್ಟಲಿಲ್ಲ. ದೂರದಿಂದ ನೋಡಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮಾಡಿ" ಎಂದಳು.

ಸೋಮವಾರ ಬೆಳಗ್ಗೆ ಅಪ್ಪ ಹಾಲು ಕರೆಯಲು ಕೂತ ಹೊತ್ತಿಗೆ ಕರೆಂಟು ಬಂತು. ಆಗ ಕರೆಂಟಿನದೂ ಡೈರಿಯದೂ ಒಂದೇ ಹೊತ್ತು. ಹಾಲು ಕರೆದ ಮೇಲೆ ಮಿಕ್ಸಿ ಹಾಕೋಣ ಎಂದರೆ ಕರೆಂಟು ಹೋಗಿರುತ್ತಿತ್ತು, ಕರೆಯುವುದನ್ನು ತಡಮಾಡೋಣ ಎಂದರೆ ಹಾಲಿನ ಗಾಡಿ ಹೋಗಿರುತ್ತಿತ್ತು. ಅವ್ವ ಮೆಣಸಿನಕಾಯಿ, ಕಾಯಿ, ಹುರಿಗಡಲೆ ಹಾಕಿ ಬಟನ್ನು ತಿರುಗಿಸಿದಳು. ಮೋಟುಗೋಡೆಯ ಆಚೆ ಢಣ್ ಎಂದಿತು. ನೋಡಿದರೆ ಬಕೀಟು ಉರುಳಿಬಿದ್ದಿದೆ, ಅಪ್ಪ ಮೊಣಕಾಲು ಹಿಡಿದುಕೊಂಡಿದ್ದಾನೆ, ಚಂದ್ರಿ ಹಗ್ಗ ಜಗ್ಗುತ್ತ ಕಣ್ಣುಗುಡ್ಡೆ ಹೊರಳಿಸುತ್ತಿದೆ. ಅವತ್ತು ಅದು ಹಾಲು ಇಳಿಸಲಿಲ್ಲ. ಕರುವನ್ನು ಬಿಟ್ಟರೂ ಇಳಿಸಲಿಲ್ಲ.

ಅವ್ವ ನುಣ್ಣಗಾದ ಮಸಾಲೆಯನ್ನು ತಂದು ತೋರಿಸಿದಳು. ಅಜ್ಜಿ ಬೆರಳು ಇಟ್ಟು ತಟ್ಟನೆ ತೆಗೆದಳು.

"ಬೆಚ್ಚಗದೆ ಕಣೆ ಲಚ್ಮಿ. ಇದು ರುಬ್ಬಾದಲ್ಲ, ಬೇಯ್ಸಾದು. ಮಾರ್ಲಾಮಿಗೆ ಇದ್ರಲ್ಲಿ ಎಡೆ ಮಾಡುದ್ರೆ ನಿಮ್ಮಾವ ಎಲೆ ತಾವುಕ್ಕೇ ಬರಾಕಿಲ್ಲ."

ತೀರಿಹೋದ ತಾತನ ಪರವಾಗಿ ಮಾತಾಡುವ ಹಕ್ಕು ಮನೆಯಲ್ಲಿ ಅಜ್ಜಿಗೊಬ್ಬಳಿಗೇ ಇತ್ತು.

ಮಂಗಳವಾರ ಅಕ್ಕನೇ ಒಂದು ಉಪಾಯ ಮಾಡಿದಳು. ಮಿಕ್ಸಿಯನ್ನು ಬೀದಿ ಕಡೆಯ ಜಗುಲಿಗೆ ಒಯ್ದು, ಅಡಿಗೆ ಗೋಣಿಚೀಲ ಮಡಿಸಿ ಹಾಸಿ, ಸುತ್ತಲೂ ಹಳೇ ಕಂಬಳಿ ಹೊದಿಸಿದಳು. ಸದ್ದು ಅರ್ಧಕ್ಕರ್ಧ ಇಳಿಯಿತು. ಚಂದ್ರಿ ಒದೆಯಲಿಲ್ಲ, ಬೆದರಲಿಲ್ಲ. ಸುಮ್ಮನೆ ನಿಂತಿತ್ತು. ಹಾಲನ್ನು ಮಾತ್ರ ಬಿಡಲಿಲ್ಲ. ಬಕೀಟಿನ ತಳ ಮುಚ್ಚುವಷ್ಟು ಕರೆದುಕೊಂಡು ಅಪ್ಪ ಡೈರಿಗೆ ಹೋದ. ಅಲ್ಲಿ ಯಾರೋ, "ಏನ್ಲಾ ಚೆಲ್ವ, ನಿಮ್ಮ ಅಸ ಮಿಕ್ಸಿಗೆ ಆಲು ಕುಡುಸ್ಬುಡ್ತಾ?" ಎಂದರಂತೆ. ಅಪ್ಪ ಬಂದು ಕ್ಯಾನನ್ನು ಎತ್ತಿ ಕುಕ್ಕಿದ ರೀತಿಯಲ್ಲೇ ನಮಗೆ ಎಲ್ಲ ತಿಳಿಯಿತು.

ಆ ದಿನವಿಡೀ ಮನೆಯಲ್ಲಿ ಜೋರಾಗಿ ಉಸಿರಾಡುವುದಕ್ಕೂ ಹೆದರಿಕೆಯಾಗುತ್ತಿತ್ತು. ಅಜ್ಜಿ ಹಸುವಿನ ಪಕ್ಷ, ಅವ್ವ ಮಿಕ್ಸಿಯ ಪಕ್ಷ, ಅಪ್ಪ ಯಾರ ಪಕ್ಷವೂ ಅಲ್ಲದೆ ಬೀಡಿಯ ಪಕ್ಷ. ಅಕ್ಕ ಜಗುಲಿಯಲ್ಲಿ ಮಿಕ್ಸಿಯ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದಳು. ಬುಧವಾರ ಗಣಿತದ ಪರೀಕ್ಷೆ. ನಡುನಡುವೆ ದಾವಣಿಯ ಸೆರಗಿನಿಂದ ಮಿಕ್ಸಿಯ ಮೈಯನ್ನು ಒರೆಸುತ್ತಿದ್ದಳು. ಗೆದ್ದರೂ ಸೋತರೂ ಅದು ಹೊಳೆಯುತ್ತಿರಬೇಕು ಎನ್ನುವಂತೆ.

ಸಂಜೆ ಅಪ್ಪ ತೀರ್ಮಾನ ಹೇಳಿದ. "ನಾಳೆ ಯಾರೂ ಅದುನ್ನ ಮುಟ್ಬ್ಯಾಡಿ. ಅಸ ಒಂದಿನ ಸುಧಾರುಸ್ಕೊಳ್ಳಿ."

"ಕಲ್ಲೂ ಬ್ಯಾಡ ಅಂಗಾರೆ" ಎಂದಳು ಅವ್ವ. "ಇವತ್ತಿನ ಸಾರು ಮಿಕ್ಕದೆ, ಬಿಸಿ ಮಾಡ್ತೀನಿ. ಮಗೀಗೆ ಪರೀಕ್ಷೆ. ಒತ್ತಿಗೆ ಮುಂಚೆ ಓಗ್ಲಿ."

ಹಾಗಾಗಿ ಬುಧವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಮಿಕ್ಸಿಯೂ ಇಲ್ಲ, ಒಳಕಲ್ಲೂ ಇಲ್ಲ. ಅಷ್ಟು ನಿಶ್ಶಬ್ದವಾದ ಬೆಳಗು ನನಗೆ ನೆನಪೇ ಇಲ್ಲ. ಅಕ್ಕ ಎರಡು ಜಡೆ ಹಾಕಿಕೊಂಡು, ಜಾಮಿಟ್ರಿ ಪೆಟ್ಟಿಗೆ ಎದೆಗೊತ್ತಿಕೊಂಡು ಹೊಸಿಲ ಬಳಿ ನಿಂತಿದ್ದಳು. ಅಪ್ಪ ಹಾಲು ಕರೆದು ಎದ್ದ ಮೇಲೆ ಅವನ ಕಾಲು ಮುಟ್ಟಿ ಹೋಗಬೇಕೆಂದು ಕಾಯುತ್ತಿದ್ದಳು. ಇವತ್ತು ಹಸು ಸರಿಹೋಗುತ್ತದೆ, ಅಪ್ಪನ ಕೋಪ ಇಳಿಯುತ್ತದೆ, ಮಿಕ್ಸಿ ಉಳಿಯುತ್ತದೆ ಎಂದು ನಾನು ಕಂಡ ದೇವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಚಂದ್ರಿ ಹಾಲು ಬಿಡಲಿಲ್ಲ.

ಅಪ್ಪ ಕೆಚ್ಚಲಿಗೆ ಬೆಚ್ಚನೆ ನೀರು ಹಾಕಿ ನೀವಿದ. ಕರು ಬಿಟ್ಟ. ಕರು ಗುದ್ದಿ ಗುದ್ದಿ ಸಾಕಾಗಿ ಅಂಬಾ ಎಂದಿತು. ದೂರದಲ್ಲಿ ಹಾಲಿನ ಗಾಡಿಯ ಹಾರನ್ನು ಕೇಳಿಸಿತು. ಅಪ್ಪ ಬಕೀಟು ಎತ್ತಿ ಮೂಲೆಗೆ ಎಸೆದ.

"ಸಾಕು. ಇವತ್ತೇ ಅದುನ್ನ ಪ್ಯಾಟೆಗೆ ತಕ್ಕೊಂಡೋಗಿ ಕೊಟ್ಬುಟ್ ಬತ್ತೀನಿ. ಮೂಕಪ್ರಾಣಿ, ಎಂಗೆ ಎದ್ರುಕೊಂಡದೆ ನೋಡು. ಆ ಸದ್ದು ಇನ್ನೂ ಅದ್ರ ಕಿವೀಲದೆ." ಆಮೇಲೆ ಹೊಸಿಲ ಕಡೆ ತಿರುಗಿದ. "ಜಯಿ, ನೀನು ಎಲ್ಲೂ ಓಗ್ಬ್ಯಾಡ. ಮದ್ದಾನುಕ್ಕೆ ಆಳು ಬತ್ತಾರೆ, ಕಾರ ಆಗ್ಬೇಕು. ಕೂತ್ಕೊ."

"ಇವತ್ತು ಲೆಕ್ಕದ ಪರೀಕ್ಷೆ ಅಪ್ಪ" ಎಂದಳು ಅಕ್ಕ.

"ಕೂತ್ಕೊ ಅಂದ್ನಲ್ಲ."

ಅಕ್ಕ ಅಳಲಿಲ್ಲ. ಜಾಮಿಟ್ರಿ ಪೆಟ್ಟಿಗೆಯನ್ನು ಬಗ್ಗಿ ನೆಲದ ಮೇಲಿಟ್ಟಳು. ಸದ್ದಾಗದಂತೆ, ಮಲಗಿದ ಮಗುವನ್ನು ಇಡುವ ಹಾಗೆ ಇಟ್ಟಳು. ನನಗೆ ಅಪ್ಪನ ಮೇಲೆ, ಅಜ್ಜಿಯ ಮೇಲೆ, ಆ ಹಸುವಿನ ಮೇಲೂ ಎಂಥ ಸಿಟ್ಟು ಬಂದಿತ್ತೆಂದರೆ, ಒಳಕಲ್ಲಿನ ಗುಂಡನ್ನು ಎತ್ತಿ ಬಾವಿಗೆ ಹಾಕಿಬಿಡೋಣ ಎನ್ನಿಸಿತು.

ಅಜ್ಜಿ ಇಷ್ಟು ಹೊತ್ತೂ ಮೋಟುಗೋಡೆಗೆ ಕೈಯೂರಿ ಚಂದ್ರಿಯನ್ನೇ ನೋಡುತ್ತಿದ್ದಳು. ತಾನೇ ಗೆದ್ದಿದ್ದರೂ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಚಂದ್ರಿಯ ಎರಡೂ ಕಿವಿಗಳು ಅಡುಗೆಮನೆಯ ಕಡೆಗೆ ತಿರುಗಿದ್ದವು. ಮಿಕ್ಸಿ ಇದ್ದದ್ದು ಬೀದಿ ಕಡೆಯ ಜಗುಲಿಯಲ್ಲಿ. ಹೆದರಿದ ದನ ಹೆದರಿಸಿದ್ದರ ಕಡೆ ಕಿವಿ ಕೊಡುತ್ತದೆ. ಇದು ಮೂಲೆಯ ಕಲ್ಲಿನ ಕಡೆ ಕಿವಿ ಕೊಟ್ಟು ನಿಂತಿತ್ತು.

ಅಜ್ಜಿ ಒಳಕಲ್ಲಿನ ಹತ್ತಿರ ಹೋದಳು. ಗೋಡೆ ಹಿಡಿದು, ಮಂಡಿ ಹಿಡಿದು, "ಯವ್ವಾ" ಎನ್ನುತ್ತ ಕೂತಳು. ಎರಡೂ ಕೈಯಲ್ಲಿ ಗುಂಡು ಹಿಡಿದು ತಿರುಗಿಸತೊಡಗಿದಳು. ಕಲ್ಲಿನಲ್ಲಿ ಮೆಣಸಿನಕಾಯಿ ಇಲ್ಲ, ಕಾಯಿ ಇಲ್ಲ, ಒಂದು ತೊಟ್ಟು ನೀರೂ ಇಲ್ಲ. ಬರಿ ಕಲ್ಲು ತಿರುಗಿಸಿದರೆ ಮನೆಗೆ ಕೇಡು ಎಂದು ಆಟಕ್ಕೆ ಗುಂಡು ಮುಟ್ಟಿದ ನನ್ನ ಕೈಗೆ ಎಷ್ಟೋ ಸಲ ಹೊಡೆದವಳು ಅವಳೇ. ಗಡಗಡ, ಗಡಗಡ. ಭುಜ ಎತ್ತಲಾಗದೆ ಇಡೀ ಮೈಯನ್ನೇ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು.

"ಅವ್ವ, ಏನ್ಮಾಡ್ತಾ ಇದ್ದೀಯೆ?" ಎಂದ ಅಪ್ಪ.

"ಬಾಯ್ಮುಚ್ಕೊಂಡು ಬಕೀಟು ತಕ್ಕೊಳ್ಳಾ."

ಅಪ್ಪ ಬಕೀಟು ತಂದು ಕೂತ. ಚಂದ್ರಿ ಒಮ್ಮೆ ಉಸಿರು ಬಿಟ್ಟಿತು. ಬೆನ್ನು ಸಡಿಲಿಸಿ, ಹಿಂಗಾಲನ್ನು ತುಸು ಅಗಲಿಸಿ, ಮೆಲುಕು ಹಾಕತೊಡಗಿತು. ನಮ್ಮ ಕಣ್ಣೆದುರಿಗೇ ಕೆಚ್ಚಲು ತುಂಬಿ ಬಿಗಿಯಿತು. ಹಾಲು ಬಕೀಟಿನ ತಳಕ್ಕೆ ಚೊರ್ ಎಂದು ಬಿದ್ದ ಸದ್ದಿಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅದು ಎದ್ರಿಲ್ಲ ಕಣ್ಲಾ ಚೆಲ್ವ" ಎಂದಳು ಅಜ್ಜಿ, ಕಲ್ಲು ನಿಲ್ಲಿಸದೆ, ಏದುಸಿರಲ್ಲಿ. "ಕಾಯ್ತಾ ಅದೆ. ಈ ಮನೆಗೆ ಬಂದಾಗ್ನಿಂದ ಈ ಸದ್ದು ಕೇಳ್ಕೊಂಡೇ ಆಲು ಬುಟ್ಟದೆ. ಸದ್ದಿಲ್ದೆ ಇದ್ರೆ ಅದುಕ್ಕೆ ಬೆಳಗಾಗಿಲ್ಲ."

ನಾವೆಲ್ಲ ಮಿಕ್ಸಿಯ ಸದ್ದನ್ನೇ ದೂರುತ್ತಿದ್ದೆವು. ಇಲ್ಲದೆ ಹೋದ ಸದ್ದಿನ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ. ಅಜ್ಜಿ ಸುಮ್ಮನಿದ್ದಿದ್ದರೆ ಮಧ್ಯಾಹ್ನದ ಹೊತ್ತಿಗೆ ಮಿಕ್ಸಿ ಊರು ಬಿಟ್ಟಿರುತ್ತಿತ್ತು, ಅವಳ ಮಾತೇ ಉಳಿದಿರುತ್ತಿತ್ತು.

"ಇನ್ನೂ ಯಾಕಮ್ಮಿ ನಿಂತಿದ್ದೀಯೆ?" ಅಕ್ಕನಿಗೆ ಅಂದಳು. "ಪುಸ್ತಕ ಎತ್ಕೊ. ಒತ್ತಾಯ್ತು. ಲಚ್ಮಿ, ಆಳುಗಳ ಕಾರಾನ ಆ ಅರಚೋದ್ರಲ್ಲೇ ಆಡ್ಸು."

ಅಕ್ಕ ಅಪ್ಪನ ಕಾಲು ಮುಟ್ಟುವುದನ್ನು ಮರೆತು ಓಡಿದಳು. ಜಾಮಿಟ್ರಿ ಪೆಟ್ಟಿಗೆ ನೆಲದ ಮೇಲೇ ಉಳಿದಿತ್ತು. ಅದನ್ನು ಎತ್ತಿಕೊಂಡು ಕಾಲುವೆ ಏರಿಯ ತನಕ ನಾನು ಅವಳ ಹಿಂದೆ ಓಡಿದೆ. ಕೊಟ್ಟಾಗ ಅವಳು ನನ್ನ ಕೆನ್ನೆ ಹಿಂಡಿದಳು. ಆಗ ನನಗೆ ಅಳು ಬಂತು. ಅವಳಿಗೂ ಬಂತು, ಆದರೆ ಅವಳಿಗೆ ನಿಲ್ಲಲು ಹೊತ್ತಿರಲಿಲ್ಲ.

ಮಾರ್ಲಾಮಿ ಕಳೆದ ಮೇಲೆ ಅಪ್ಪ ಪೇಟೆಗೆ ಹೋಗಿ ಶೆಟ್ಟರಿಗೆ ದುಡ್ಡು ಕೊಟ್ಟು ಬಂದ. ಹಬ್ಬದ ಎಡೆಗೆ ಮಾತ್ರ ಅಜ್ಜಿ ಜಗ್ಗಲಿಲ್ಲ. ಬಾಡಿನ ಮಸಾಲೆಯನ್ನು ಅಕ್ಕನೇ ಕಲ್ಲಿನಲ್ಲಿ ರುಬ್ಬಿದಳು, ಅಂದು ಸ್ಕೂಲಿಗೆ ರಜೆಯಿದ್ದುದರಿಂದ ಸಂತೋಷವಾಗಿಯೇ ರುಬ್ಬಿದಳು. ಅಲ್ಲಿಂದ ಮುಂದೆ ದಿನವೂ ಬೆಳಗ್ಗೆ ನಮ್ಮ ಮನೆಯಲ್ಲಿ ಎರಡು ಸದ್ದು. ಜಗುಲಿಯಲ್ಲಿ ಅವ್ವನ ಮಿಕ್ಸಿ ಒಂದಿಷ್ಟು ಹೊತ್ತು ಅರಚಿ ಸುಮ್ಮನಾಗುತ್ತಿತ್ತು. ಒಳಗೆ ಮೂಲೆಯಲ್ಲಿ ಅಜ್ಜಿ ಹಾಲು ಕರೆದು ಮುಗಿಯುವ ತನಕ ಗುಂಡು ತಿರುಗಿಸುತ್ತಿದ್ದಳು. ಬರಿ ಕಲ್ಲು ಬೇಡವೆಂದು ಒಂದು ಹಿಡಿ ನೆನೆಸಿದ ಹತ್ತಿಬೀಜ ಹಾಕಿಕೊಳ್ಳುತ್ತಿದ್ದಳು. ಅದನ್ನೇ ಆಮೇಲೆ ಚಂದ್ರಿಯ ಕಲಗಚ್ಚಿಗೆ ಕಲಸುತ್ತಿದ್ದಳು. ಮೂಲೆಮನೆಯವರು ಕೇಳಿದರೆ, "ಮಿಕ್ಸಿ ನಮ್ಮ ಲಚ್ಮಿಗೆ, ಕಲ್ಲು ನಮ್ಮ ಅಸೀಗೆ" ಎನ್ನುತ್ತಿದ್ದಳು. ತನ್ನ ಭುಜದ ನೋವಿನ ಮಾತನ್ನು ಎತ್ತುತ್ತಲೇ ಇರಲಿಲ್ಲ.

ಅಕ್ಕ ಪಾಸಾದಳು. ಪೇಟೆಯಲ್ಲಿ ಪಿಯುಸಿ, ಆಮೇಲೆ ಟೀಚರ್ ಟ್ರೈನಿಂಗು. ಈಗ ನಾಗಮಂಗಲದ ಕಡೆ ಒಂದು ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಚಂದ್ರಿ ಮುದಿಯಾಗಿ ನಮ್ಮ ಕೊಟ್ಟಿಗೆಯಲ್ಲೇ ಸತ್ತಿತು. ಅದರ ಮರುವರ್ಷ ಅಜ್ಜಿ. ಆ ಮಿಕ್ಸಿಯ ಮೋಟರಿಗೆ ಎಷ್ಟೋ ಸಲ ಹೊಸ ತಂತಿ ಸುತ್ತಿಸಿ, ಕೊನೆಗೆ ಅದನ್ನೂ ಗುಜರಿಗೆ ಹಾಕಿದೆವು. ಇವತ್ತು ಮೈಸೂರಿನ ನನ್ನ ಅಡುಗೆಮನೆಯಲ್ಲಿ ಅದಕ್ಕಿಂತ ದೊಡ್ಡದಿದೆ. ಇನ್ನೂ ದೊಡ್ಡದು ಬಂದಿದೆ, ಅಷ್ಟು ದುಡ್ಡು ಕೊಡಬಹುದಾ ಎಂದು ಮೊನ್ನೆ ಮಗಳು ಫೋನಿನಲ್ಲಿ ತೋರಿಸಿ ಕೇಳಿದಳು. ಕೊಳ್ಳೋಣ ಎಂದೆ. ಹೆಣ್ಣುಮಕ್ಕಳ ಕೈ ಬಿಡಿಸುವ ಯಾವುದಕ್ಕೂ ನಾನು ಬೇಡ ಎನ್ನುವವಳಲ್ಲ.

ಆದರೆ ಮಾರ್ಲಾಮಿಗೆ ಅಕ್ಕ, ನಾನು ಇಬ್ಬರೂ ಊರಿಗೆ ಹೋಗುತ್ತೇವೆ. ಅಜ್ಜಿಯ ಎಡೆಗೆ ಕಲ್ಲಿನ ಖಾರವೇ ಆಗಬೇಕು. ಅದನ್ನು ನುಣ್ಣಗೆ ರುಬ್ಬಲು ಆಗುವುದು ಮನೆಯಲ್ಲಿ ಈಗ ಅಕ್ಕನಿಗೊಬ್ಬಳಿಗೇ. ಹೋದ ವರ್ಷ ಅವಳು ಕನ್ನಡಕ ತೆಗೆದಿಟ್ಟು, ಗೋಡೆ ಹಿಡಿದು, "ಯವ್ವಾ" ಎನ್ನುತ್ತ ಕೂತಳು. ಗುಂಡು ತಿರುಗಿತು. ಗಡಗಡ, ಗಡಗಡ. ನಾನು ಮೋಟುಗೋಡೆಗೆ ಕೈಯೂರಿ ಕೊಟ್ಟಿಗೆಯ ಕಡೆ ನೋಡಿದೆ. ಈಗ ಅಲ್ಲಿ ಐದಾರು ಹಸುಗಳಿವೆ, ಹಾಲು ಕರೆಯುವ ಮೆಶೀನಿದೆ, ಅವು ಹಾಲು ಬಿಡುವುದು ಅದರ ಸದ್ದಿಗೆ. ಅಕ್ಕ ಬಹಳ ಹೊತ್ತು ರುಬ್ಬಿದಳು. ಒಂದು ಹಸುವೂ ಕಿವಿ ತಿರುಗಿಸಲಿಲ್ಲ.